ಹಾಸನದ ಮನೆಗಳಲ್ಲಿ ಸೆಂಟ್ರಲ್ ಎಸಿ: ನಿರ್ವಹಣೆ ಮತ್ತು ಸರ್ವೀಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಬೇಲೂರು, ಸಕಲೇಶಪುರ, ಅರಸೀಕೆರೆ ಕಡೆಯ ಮನೆಗಳಿಗೆ ಎಸಿ ಕೆಲಸಕ್ಕೆಂದು ಹೋದಾಗ ಮನೆಯವರು ಕಾಫಿ ಕೊಡುತ್ತಾ ಕೇಳಿದ, ಫೋನು ಮಾಡಿ ವಿಚಾರಿಸಿದ, ಕೆಲವರು ಬರೆದು ಕಳುಹಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಒಂದೇ ಯಂತ್ರದಿಂದ ಡಕ್ಟ್ (ಗಾಳಿ ಸಾಗುವ ಕೊಳವೆ) ಮೂಲಕ ಇಡೀ ಮನೆಗೆ ತಂಪು ಗಾಳಿ ಕೊಡುವ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇನೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಇರುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

## ಮೊದಲ ತಿಳಿವಳಿಕೆ

ಹಾಸನವನ್ನು ಬಡವರ ಊಟಿ ಅಂತಾರೆ. ಇಲ್ಲಿ ಎಸಿ ವರ್ಷಕ್ಕೆ ಮೂರು ತಿಂಗಳು ಓಡಿದರೆ ಹೆಚ್ಚು. ಅದಕ್ಕೂ ಸರ್ವೀಸ್ ಬೇಕಾ?

ಬೇಕು, ಮತ್ತು ಕಡಿಮೆ ಓಡುತ್ತದೆ ಎಂಬ ಕಾರಣಕ್ಕೇ ಹೆಚ್ಚು ಎಚ್ಚರದಿಂದ ಬೇಕು. ನಮ್ಮ ಜಿಲ್ಲೆಯಲ್ಲಿ ಎಸಿ ಫೆಬ್ರುವರಿ ಕೊನೆಗೆ ಶುರುವಾಗಿ, ಮುಂಗಾರು ಹಿಡಿಯುತ್ತಿದ್ದಂತೆ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಒಳಗಿನ ಕಾಯಿಲ್ (ಗಾಳಿಯನ್ನು ತಂಪಾಗಿಸುವ ಪೈಪಿನ ಸುರುಳಿ) ಮೇಲೆ ಕೂತ ಧೂಳು, ಅದರ ಮೇಲೆ ಆರದೆ ಉಳಿದ ತೇವ, ಮುಂದಿನ ಎಂಟು ತಿಂಗಳ ಕತ್ತಲು, ಇಷ್ಟು ಸಿಕ್ಕರೆ ಬೂಷ್ಟು ಬೆಳೆಯಲು ಬೇರೇನೂ ಬೇಡ. ನಿಂತ ಯಂತ್ರದೊಳಗೆ ಇಲಿ ಗೂಡು ಕಟ್ಟುತ್ತದೆ, ಕಣಜ ಮಣ್ಣು ಮೆತ್ತುತ್ತದೆ, ಹಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಹರಿದಾಡಿ ಸತ್ತು ಬೋರ್ಡನ್ನೂ ಸುಡಿಸುತ್ತದೆ. ಚೆನ್ನೈಯಂತಹ ಊರಿನಲ್ಲಿ ವರ್ಷವಿಡೀ ಓಡುವ ಯಂತ್ರ ಸವೆದು ಕೆಟ್ಟರೆ, ನಮ್ಮಲ್ಲಿ ನಿಂತೇ ಕೆಡುತ್ತದೆ. ನಾನು ಬಿಚ್ಚಿ ನೋಡಿದ ಯಂತ್ರಗಳ ತೊಂದರೆಗಳಲ್ಲಿ ಬಹಳಷ್ಟು ಈ ನಿಲುಗಡೆಯ ತಿಂಗಳುಗಳಲ್ಲಿ ಹುಟ್ಟಿದವು.

ಸೆಂಟ್ರಲ್ ಎಸಿಗೂ ಸ್ಪ್ಲಿಟ್ ಎಸಿಗೂ ನಿರ್ವಹಣೆಯಲ್ಲಿ ವ್ಯತ್ಯಾಸ ಏನು?

ಕೆಲಸ ಮಾಡುವ ತತ್ತ್ವ ಒಂದೇ. ಒಳಗಿನ ಕಾಯಿಲ್‌ನಲ್ಲಿ ಗ್ಯಾಸು ಆವಿಯಾಗುತ್ತಾ ಮನೆಯ ಗಾಳಿಯ ಶಾಖವನ್ನು ಹೀರುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗುತ್ತಾ ಆ ಶಾಖವನ್ನು ಬಯಲಿಗೆ ಬಿಡುತ್ತದೆ. ವ್ಯತ್ಯಾಸವಿರುವುದು ಗಾಳಿಯ ದಾರಿಯಲ್ಲಿ. ಸ್ಪ್ಲಿಟ್ ಎಸಿಯಲ್ಲಿ ಗಾಳಿ ಕಣ್ಣೆದುರೇ ಒಳಹೋಗಿ ಹೊರಬರುತ್ತದೆ. ಸೆಂಟ್ರಲ್ ಎಸಿಯಲ್ಲಿ ಅದು ಮನೆಯ ಗಾಳಿಯನ್ನು ಎಳೆದುಕೊಳ್ಳುವ ಹಜಾರದ ರಿಟರ್ನ್ ಗ್ರಿಲ್‌ನಿಂದ ಹೊರಟು ಫಾಲ್ಸ್ ಸೀಲಿಂಗ್ ಮೇಲೆ ಹತ್ತಾರು ಅಡಿ ಸಾಗಿ ಕೋಣೆಕೋಣೆಗೆ ಹಂಚಿಹೋಗುತ್ತದೆ. ಆ ಕಾಣದ ದಾರಿಯ ಒಂದೊಂದು ಜೋಡಣೆಯೂ ಗಾಳಿ ಸೋರಬಹುದಾದ, ನೀರು ತೊಟ್ಟಿಕ್ಕಬಹುದಾದ ಜಾಗ. ಆದ್ದರಿಂದ ಸೀಲಿಂಗ್ ಮೇಲಿರುವ ಯಂತ್ರದ ಕೆಳಗೆ ಒಬ್ಬ ಮನುಷ್ಯ ತಲೆ ಮತ್ತು ಎರಡು ಕೈ ತೂರಿಸುವಷ್ಟು ದೊಡ್ಡ ಟ್ರ್ಯಾಪ್ ಡೋರ್ ಇರಲೇಬೇಕು. ಅಂದಕ್ಕೆಂದು ಅದನ್ನು ಮುಚ್ಚಿಸಿದ ಮನೆಗಳಲ್ಲಿ ಸರ್ವೀಸ್ ಎನ್ನುವುದು ಫಿಲ್ಟರ್ ತೊಳೆಯುವಷ್ಟಕ್ಕೇ ನಿಂತುಹೋಗುತ್ತದೆ.

ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೀಬೇಕು? ನಾವೇ ತೊಳೆದರೆ ಏನಾದರೂ ಆಗುತ್ತಾ?

ನೀವೇ ತೊಳೆಯಬೇಕು; ಇದಕ್ಕೆ ಮೆಕ್ಯಾನಿಕ್ ಕಾಯುವ ಅಗತ್ಯವಿಲ್ಲ. ಎಸಿ ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ನೈಲಾನ್ ಜಾಲರಿಯನ್ನು ತೆಗೆದು, ಧೂಳು ಕೂತ ಬದಿಯ ಹಿಂಭಾಗದಿಂದ ನಲ್ಲಿ ನೀರು ಬಿಟ್ಟು ತೊಳೆದು, ನೆರಳಿನಲ್ಲಿ ಪೂರ್ತಿ ಆರಿಸಿ ಹಾಕಿ. ಬಿಸಿನೀರು ಬೇಡ, ಜಾಲರಿ ಸೊಟ್ಟಗಾಗುತ್ತದೆ. ಅರಸೀಕೆರೆ ಕಡೆ ತೆಂಗಿನ ನಾರಿನ ಕೆಲಸ ನಡೆಯುವ ಜಾಗದ ಹತ್ತಿರ, ರಾಗಿ ಒಕ್ಕಣೆ ಮಾಡುವ ಕಣದ ಬದಿಯಲ್ಲಿ, ಕಾಫಿ ಒಣಗಿಸುವ ಅಂಗಳದ ಎದುರಿನಲ್ಲಿ ಮನೆಯಿದ್ದರೆ ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು. ಪ್ರತಿದಿನ ಧೂಪ, ಸಾಂಬ್ರಾಣಿ ಹಾಕುವ ಮನೆಗಳಲ್ಲಿ, ರಿಟರ್ನ್ ಗ್ರಿಲ್ ಅಡುಗೆಮನೆಗೆ ಹತ್ತಿರವಿರುವ ಮನೆಗಳಲ್ಲಿ ಫಿಲ್ಟರ್ ಮೇಲೆ ಅಂಟಿನಂತಹ ಪದರ ಕೂರುತ್ತದೆ. ಒಗ್ಗರಣೆಯ ಎಣ್ಣೆ ಆವಿ ಧೂಳಿನೊಂದಿಗೆ ಸೇರಿದರೆ ಬರಿ ನೀರಿಗೆ ಬಿಡುವುದಿಲ್ಲ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕು.

ಧೂಳು ಹೆಚ್ಚೆಂದು ಅಂಗಡಿಯಲ್ಲಿ ಸಿಗುವ ದಪ್ಪನೆಯ ಫಿಲ್ಟರನ್ನು ತಂದು ಹಾಕಬೇಡಿ. ಮನೆಗಳಿಗೆ ಹಾಕುವ ಡಕ್ಟ್ ಯಂತ್ರಗಳ ಬ್ಲೋವರ್‌ಗೆ (ಗಾಳಿ ದೂಡುವ ಫ್ಯಾನಿಗೆ) ಅಷ್ಟು ದಟ್ಟ ಜಾಲರಿಯ ಮೂಲಕ ಗಾಳಿ ಎಳೆಯುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ.

18 ಡಿಗ್ರಿಗೆ ಇಟ್ಟರೆ ಬೇಗ ತಂಪಾಗುತ್ತಾ?

ಇಲ್ಲ. ಥರ್ಮೋಸ್ಟ್ಯಾಟ್ ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆಯೇ ಹೊರತು ಯಂತ್ರಕ್ಕೆ ಇಲ್ಲದ ಶಕ್ತಿಯನ್ನು ಕೊಡುವುದಿಲ್ಲ. ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 2020ರ ಜನವರಿ 1ರಿಂದ 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂಬ ಅಂದಾಜು ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿಯದು. ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಹೊತ್ತು ಹೊರಗಿನ ಗಾಳಿ ತಂಪಾಗುತ್ತದೆ. ಸಂಜೆ 26ಕ್ಕೆ ಇಟ್ಟು, ಫ್ಯಾನು ಹಾಕಿ, ಮಲಗುವ ಹೊತ್ತಿಗೆ ಎಸಿ ನಿಲ್ಲಿಸಿ ಕಿಟಕಿ ತೆರೆಯುವುದು ಹೆಚ್ಚಿನ ಮನೆಗಳಿಗೆ ಸಾಕು.

## ಋತುವಿಗೆ ತಕ್ಕ ಆರೈಕೆ

ಸರ್ವೀಸ್ ಯಾವ ತಿಂಗಳಲ್ಲಿ ಮಾಡಿಸಬೇಕು? ಎಲ್ಲರೂ ಮಾರ್ಚ್‌ನಲ್ಲಿ ಮಾಡಿಸ್ತಾರಲ್ಲ?

ಒಂದೇ ಸಲ ಮಾಡಿಸುವುದಾದರೆ ಜೂನ್ ಮೊದಲ ವಾರದಲ್ಲಿ, ಅಂದರೆ ಬೇಸಿಗೆ ಮುಗಿದು ಯಂತ್ರ ಮಲಗುವ ಮುನ್ನ ಮಾಡಿಸಿ. ಕೊಳೆಯನ್ನು ಒಳಗಿಟ್ಟುಕೊಂಡು ಮಳೆಗಾಲ ಕಳೆದ ಕಾಯಿಲ್‌ಗೂ, ತೊಳೆದು ಆರಿಸಿಟ್ಟ ಕಾಯಿಲ್‌ಗೂ ಇರುವ ವ್ಯತ್ಯಾಸ ಬಿಚ್ಚಿ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಉಳುಮೆ ಮುಗಿದ ಮೇಲೆ ನೇಗಿಲನ್ನು ತೊಳೆದು ಅಟ್ಟಕ್ಕೆ ಹಾಕುವವರು ಎಸಿಯನ್ನು ಮಾತ್ರ ಕೊಳೆಯೊಂದಿಗೇ ಬಿಡುತ್ತಾರೆ. ಜೂನ್‌ನಲ್ಲಿ ತೊಳೆಸಿದ ಮೇಲೆ ಒಂದೆರಡು ಗಂಟೆ ಬರಿ ಫ್ಯಾನ್ ಮೋಡ್‌ನಲ್ಲಿ ಓಡಿಸಿ ಕಾಯಿಲ್ ಮತ್ತು ಅದರ ಕೆಳಗೆ ನೀರು ಹಿಡಿಯುವ ಡ್ರೇನ್ ಟ್ರೇಯನ್ನು ಒಣಗಿಸಿ, ಆಮೇಲೆ ಎಂಸಿಬಿ (ಎಸಿಯ ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ.

ಫೆಬ್ರುವರಿಯಲ್ಲಿ ಬೇಕಿರುವುದು ಪರೀಕ್ಷೆ ಮಾತ್ರ. ಆಗ ಎರಡು ಸಂಗತಿಗಳನ್ನು ಮರೆಯಬೇಡಿ. ಮೊದಲನೆಯದು, ಕಂಪ್ರೆಸರ್‌ಗೆ (ಗ್ಯಾಸನ್ನು ಒತ್ತಿ ದೂಡುವ ಪಂಪಿಗೆ) ಕ್ರ್ಯಾಂಕ್‌ಕೇಸ್ ಹೀಟರ್, ಅಂದರೆ ಅದರ ಎಣ್ಣೆಯನ್ನು ಬೆಚ್ಚಗಿಡುವ ಸಾಧನ, ಇರುವ ಯಂತ್ರವಾದರೆ ಓಡಿಸುವ ಹಿಂದಿನ ದಿನವೇ ಎಂಸಿಬಿ ಎತ್ತಿಡಿ. ಚಳಿಗಾಲದಲ್ಲಿ ತಣ್ಣಗೆ ನಿಂತ ಕಂಪ್ರೆಸರ್‌ನ ಎಣ್ಣೆಯಲ್ಲಿ ಗ್ಯಾಸು ಕರಗಿ ಕೂತಿರುತ್ತದೆ, ಅದು ಬಿಸಿಯಾಗಿ ಬಿಟ್ಟುಹೋಗಲು ಹನ್ನೆರಡು ಗಂಟೆಯಾದರೂ ಬೇಕು. ಎರಡನೆಯದು, ಡ್ರೇನ್ ಟ್ರೇಗೆ ಒಂದು ಚೊಂಬು ನೀರು ಸುರಿದು ಅದು ಹೊರಗೆ ಬೀಳುತ್ತದೆಯೇ ಎಂದು ನೋಡಿ. ಇದರ ಕಾರಣವನ್ನು ನೀರು ಸೋರುವ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಬಂದವರು ಹದಿನೈದು ನಿಮಿಷದಲ್ಲಿ ಮುಗಿಸಿ ಹೋದರು. ನಿಜವಾದ ಸರ್ವೀಸ್ ಅಂದರೆ ಏನೇನು ಮಾಡಬೇಕು?

ಹದಿನೈದು ನಿಮಿಷದಲ್ಲಿ ಫಿಲ್ಟರ್ ತೊಳೆಯಬಹುದು, ಸರ್ವೀಸ್ ಆಗುವುದಿಲ್ಲ. ಮೂರು ಟನ್ನಿನ ಒಂದು ಡಕ್ಟ್ ಯಂತ್ರಕ್ಕೆ ಇಬ್ಬರು ಸೇರಿದರೂ ಎರಡು ಗಂಟೆಯಾದರೂ ಹಿಡಿಯುತ್ತದೆ.

ಕೆಲಸ ಆರಂಭವಾಗಬೇಕಾದದ್ದು ಅಳತೆಯಿಂದ. ಯಂತ್ರವನ್ನು ಕಾಲು ಗಂಟೆ ಓಡಿಸಿ, ರಿಟರ್ನ್ ಗ್ರಿಲ್‌ನಲ್ಲಿ ಒಳಹೋಗುವ ಗಾಳಿಯ ಉಷ್ಣತೆಯನ್ನೂ ಕೋಣೆಗೆ ಬರುವ ಗಾಳಿಯ ಉಷ್ಣತೆಯನ್ನೂ ಥರ್ಮಾಮೀಟರ್‌ನಿಂದ ನೋಡಬೇಕು. ಎರಡರ ನಡುವೆ 8ರಿಂದ 12 ಡಿಗ್ರಿ ಅಂತರವಿದ್ದರೆ ಯಂತ್ರದ ಆರೋಗ್ಯ ಸಾಮಾನ್ಯವಾಗಿ ಸರಿಯಿದೆ. ಕ್ಲ್ಯಾಂಪ್ ಮೀಟರ್‌ನಿಂದ ಕಂಪ್ರೆಸರ್ ಎಳೆಯುವ ಆಂಪಿಯರ್ ನೋಡಿ ನಾಮಫಲಕದ ಅಂಕಿಯೊಂದಿಗೆ ಹೋಲಿಸಬೇಕು. ಈ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಟ್ಟುಕೊಳ್ಳಿ. ಮೂರು ವರ್ಷದ ಅಂಕಿಗಳು ಒಂದೇ ಪುಟದಲ್ಲಿದ್ದರೆ ಯಂತ್ರಕ್ಕೆ ಏನಾಗುತ್ತಿದೆ ಎಂಬುದನ್ನು ಯಾರು ಬೇಕಾದರೂ ಓದಬಹುದು.

ಆಮೇಲೆ ಕರೆಂಟು ತೆಗೆದು ತೊಳೆಯುವ ಕೆಲಸ. ಒಳಗಿನ ಕಾಯಿಲ್, ಬ್ಲೋವರ್ ಚಕ್ರದ ಒಂದೊಂದು ಎಸಳು, ಡ್ರೇನ್ ಟ್ರೇಯ ಲೋಳೆ, ಎಲ್ಲವೂ ಶುಚಿಯಾಗಬೇಕು. ಬ್ಲೋವರ್ ಎಸಳುಗಳ ಒಳಬಾಗಿನಲ್ಲಿ ಕೂತ ಕೊಳೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಗಾಳಿಯ ರಭಸ ಕುಗ್ಗುವುದು ಅಲ್ಲಿಂದಲೇ. ಹೊರಗಿನ ಕಾಯಿಲ್‌ಗೆ ನೀರನ್ನು ಸಾಧ್ಯವಾದಷ್ಟು ಒಳಗಿನಿಂದ ಹೊರಕ್ಕೆ, ಫಿನ್‌ಗಳಿಗೆ (ಕಾಯಿಲ್ ಮೇಲಿನ ತೆಳು ತಗಡಿನ ಎಲೆಗಳಿಗೆ) ನೇರವಾಗಿ ಬಿಡಬೇಕು. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಮನೆಯಲ್ಲಿ ಜೆಟ್ ಪಂಪನ್ನು ಪೂರ್ತಿ ಒತ್ತಡಕ್ಕಿಟ್ಟು ಓರೆಯಾಗಿ ಹಿಡಿದೆ. ಅಂಗೈಯಗಲದ ಜಾಗದಲ್ಲಿ ಅಲ್ಯೂಮಿನಿಯಂ ಫಿನ್‌ಗಳೆಲ್ಲ ಗಾಳಿಗೆ ಬಿದ್ದ ಭತ್ತದ ಪೈರಿನಂತೆ ಒರಗಿಬಿಟ್ಟವು. ಅವನ್ನು ಫಿನ್ ಬಾಚಣಿಗೆಯಿಂದ ಒಂದೊಂದಾಗಿ ಎಬ್ಬಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಅಂದಿನಿಂದ ನಾನು ಕಡಿಮೆ ಒತ್ತಡದಲ್ಲಿ, ಒಂದು ಮೊಳ ದೂರದಿಂದ ನೀರು ಬಿಡುತ್ತೇನೆ. ಕೊಳವೆಬಾವಿಯ ಗಡಸು ನೀರಾದರೆ ತೊಳೆದ ಮೇಲೆ ಬಿಳಿ ಉಪ್ಪು ಉಳಿಯುತ್ತದೆ. ಮಳೆನೀರಿನ ತೊಟ್ಟಿ ಇದ್ದರೆ ಕೊನೆಯ ಸುತ್ತಿಗೆ ಅದನ್ನು ಬಳಸಿ.

ಕೊನೆಗೆ ವಿದ್ಯುತ್ ಟರ್ಮಿನಲ್‌ಗಳನ್ನು ಬಿಗಿ ಮಾಡಬೇಕು, ಅರ್ತಿಂಗ್ ನೋಡಬೇಕು, ಕೆಪಾಸಿಟರ್ ಇರುವ ಯಂತ್ರವಾದರೆ ಅದರ ಮೈಕ್ರೊಫ್ಯಾರಡ್ ಅಳೆಯಬೇಕು, ಹೊರಗಿನ ಪೈಪಿನ ಕಪ್ಪು ನಿರೋಧಕ (ಶಾಖ ತಡೆಯುವ ಹೊದಿಕೆ) ಬಿಸಿಲಿಗೆ ಪುಡಿಯಾಗಿದ್ದರೆ ಬದಲಾಯಿಸಬೇಕು. ಸಡಿಲವಾದ ಒಂದು ಟರ್ಮಿನಲ್ ಸ್ಕ್ರೂ ಬಿಸಿಯಾಗಿ ವೈರು ಕರಗಿರುವುದನ್ನು ಹಲವು ಸಲ ಕಂಡಿದ್ದೇನೆ.

ಮಳೆಗಾಲದಲ್ಲಿ ಹಾಸಿಗೆ, ಬೀರು ಎಲ್ಲಾ ಬೂಷ್ಟು ಹಿಡಿಯುತ್ತೆ. ಆಗ ಎಸಿ ಹಾಕಿದರೆ ಉಪಯೋಗ ಇದೆಯಾ?

ಇದೆ, ಮತ್ತು ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ಡ್ರೈ ಮೋಡ್‌ನಲ್ಲಿ ಬ್ಲೋವರ್ ನಿಧಾನವಾಗಿ ತಿರುಗುವುದರಿಂದ ಗಾಳಿಯ ತೇವ ಕಾಯಿಲ್ ಮೇಲೆ ಚೆನ್ನಾಗಿ ಇಳಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ವಾರಕ್ಕೆ ಎರಡು ಸಲ, ಕಿಟಕಿ ಮುಚ್ಚಿ, ಬೀರುವಿನ ಬಾಗಿಲು ತೆರೆದಿಟ್ಟು ಒಂದೆರಡು ಗಂಟೆ ಓಡಿಸಿ, ಆಮೇಲೆ ಅರ್ಧ ಗಂಟೆ ಬರಿ ಫ್ಯಾನ್ ಓಡಿಸಿ. ಬಟ್ಟೆಬರೆ ಉಳಿಯುವುದರ ಜೊತೆಗೆ ಯಂತ್ರದ ಕಂಪ್ರೆಸರ್‌ನಲ್ಲಿ ಎಣ್ಣೆ ಹರಿದಾಡುತ್ತದೆ, ಇಲಿಗೆ ನೆಮ್ಮದಿಯ ಗೂಡು ಸಿಗುವುದಿಲ್ಲ. ಕೋಣೆ ತೀರಾ ತಣ್ಣಗಿದ್ದರೆ ಕೆಲವು ಯಂತ್ರಗಳು ಡ್ರೈ ಮೋಡ್‌ನಲ್ಲಿ ಓಡಲು ಒಪ್ಪುವುದಿಲ್ಲ, ಅದು ದೋಷವಲ್ಲ.

ಹೊರಗಿನ ಯೂನಿಟ್‌ಗೆ ಮಳೆಗಾಲದಲ್ಲಿ ಟಾರ್ಪಾಲು ಸುತ್ತಬೇಕಾ?

ಬೇಡ. ಅದು ಮಳೆಯಲ್ಲಿ ನಿಲ್ಲಲೆಂದೇ ಮಾಡಿದ ಯಂತ್ರ. ಪೂರ್ತಿ ಸುತ್ತಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ, ಇಲಿಗೆ ಬೆಚ್ಚನೆಯ ಮನೆಯೂ ಆಗುತ್ತದೆ. ಸಿಲ್ವರ್ ಓಕ್ ಎಲೆ, ತೆಂಗಿನ ಗರಿ ಬೀಳುವ ಜಾಗವಾದರೆ ಮೇಲೊಂದು ತಗಡಿನ ಮರೆ ಸಾಕು, ನಾಲ್ಕೂ ಬದಿ ತೆರೆದಿರಲಿ.

## ತೊಂದರೆಗಳು

ಫಾಲ್ಸ್ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುತ್ತಿದೆ. ಎಸಿ ಹಾಳಾಯ್ತಾ?

ಸಾಮಾನ್ಯವಾಗಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ, ನೀರಿನ ದಾರಿ ಕೆಟ್ಟಿರುತ್ತದೆ. ತೇವದ ದಿನಗಳಲ್ಲಿ ಮೂರು ಟನ್ನಿನ ಯಂತ್ರ ಗಂಟೆಗೆ ಎರಡು ಮೂರು ಲೀಟರ್ ನೀರನ್ನು ಗಾಳಿಯಿಂದ ಇಳಿಸಬಲ್ಲದು. ಟ್ರೇಯ ಬಾಯಿಗೆ ಲೋಳೆ ಕಟ್ಟಿಕೊಂಡಿದ್ದರೆ, ಡ್ರೇನ್ ಪೈಪಿಗೆ ಇಳಿಜಾರು ಸಾಲದಿದ್ದರೆ, ಅಷ್ಟೂ ನೀರು ಸೀಲಿಂಗ್ ಮೇಲೆ ಹರಿಯುತ್ತದೆ.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಹಲವು ಡಕ್ಟ್ ಯಂತ್ರಗಳಲ್ಲಿ ಬ್ಲೋವರ್ ಗಾಳಿಯನ್ನು ಕಾಯಿಲ್ ಮೂಲಕ ಎಳೆಯುವುದರಿಂದ ಟ್ರೇ ಇರುವ ಜಾಗದಲ್ಲಿ ಹೀರುವ ಒತ್ತಡವಿರುತ್ತದೆ. ಆ ಎಳೆತವನ್ನು ತಡೆಯುವುದು ಡ್ರೇನ್ ಪೈಪಿನ ಬಾಗಿನಲ್ಲಿ ನಿಂತ ನೀರು. ತಿಂಗಳುಗಟ್ಟಲೆ ಯಂತ್ರ ನಿಂತಾಗ ಆ ನೀರು ಒಣಗುತ್ತದೆ. ಫೆಬ್ರುವರಿಯಲ್ಲಿ ಯಂತ್ರ ಹಾಕಿದ ಕೂಡಲೇ ಹೊರಗಿನ ಗಾಳಿ ಪೈಪಿನೊಳಗೆ ನುಗ್ಗಿ, ಇಳಿಯಬೇಕಾದ ನೀರನ್ನು ತಡೆದು, ಗುಳುಗುಳು ಸದ್ದಿನೊಂದಿಗೆ ಟ್ರೇ ತುಂಬಿಸುತ್ತದೆ. ಋತುವಿನ ಆರಂಭದಲ್ಲಿ ಒಂದು ಚೊಂಬು ನೀರು ಸುರಿಯಿರಿ ಎಂದು ಹೇಳಿದ್ದು ಇದಕ್ಕೇ. ಡ್ರೇನ್ ಸರಿಯಿದ್ದೂ ಡಕ್ಟ್ ಸಾಗುವ ದಾರಿಯುದ್ದಕ್ಕೂ ಕಲೆ ಬಿದ್ದಿದ್ದರೆ, ನಿರೋಧಕ ಹರಿದು ತಣ್ಣನೆಯ ತಗಡಿನ ಮೇಲೆ ಗಾಳಿಯ ತೇವ ಬೆವರುತ್ತಿದೆ ಎಂದರ್ಥ.

ಎಸಿ ಹಾಕಿದ ಕೂಡಲೇ ಕೆಟ್ಟ ವಾಸನೆ ಬರುತ್ತೆ, ಸೆಂಟ್ ಹೊಡೆದರೂ ಹೋಗಲ್ಲ.

ವಾಸನೆಯನ್ನು ಗುರುತಿಸಿ. ಒದ್ದೆ ಬಟ್ಟೆಯ ವಾಸನೆಯಾದರೆ ಕಾಯಿಲ್ ಮತ್ತು ಬ್ಲೋವರ್‌ನ ಬೂಷ್ಟು, ಚರಂಡಿಯ ವಾಸನೆಯಾದರೆ ಒಣಗಿದ ಡ್ರೇನ್ ಬಾಗು, ಸುಟ್ಟ ವಾಸನೆಯಾದರೆ ತಕ್ಷಣ ಎಂಸಿಬಿ ಇಳಿಸಬೇಕಾದ ವಿದ್ಯುತ್ ದೋಷ, ಕೊಳೆತ ವಾಸನೆಯಾದರೆ ಡಕ್ಟ್‌ನೊಳಗೆ ಸತ್ತ ಪ್ರಾಣಿ.

ಸಕಲೇಶಪುರದ ಹತ್ತಿರ ತೋಟದ ನಡುವಿನ ಹೆಂಚಿನ ಮನೆಯೊಂದರಲ್ಲಿ ಮರದ ಚಾವಣಿಯ ಮೇಲಿನ ಅಟ್ಟದಲ್ಲಿ ಡಕ್ಟ್ ಹಾಯಿಸಿದ್ದರು. ಮನೆಯವರು ಎರಡು ಬೇಸಿಗೆ ವಾಸನೆ ಸಹಿಸಿಕೊಂಡಿದ್ದರು. ಮಲಗುವ ಕೋಣೆಯ ಗ್ರಿಲ್ ತೆಗೆದು ಟಾರ್ಚು ಬಿಟ್ಟಾಗ ಮೊದಲು ಕಂಡದ್ದು ಎರಡು ಹಿಡಿಯಷ್ಟು ಕಾಫಿ ಬೀಜ. ಅದರ ಹಿಂದೆ ಕಿತ್ತು ಉಂಡೆ ಮಾಡಿದ ನಿರೋಧಕ, ಆ ಗೂಡಿನಲ್ಲಿ ಒಣಗಿ ಹೋದ ಮೂರು ಇಲಿಮರಿ. ಮೆತ್ತನೆಯ ಫ್ಲೆಕ್ಸಿಬಲ್ ಡಕ್ಟನ್ನು ಇಲಿ ಅಟ್ಟದ ಕಡೆಯಿಂದ ಕೊರೆದು ಬಂದಿತ್ತು. ಅಲ್ಲಿ ತೊಳೆಯುವ ಪ್ರಯತ್ನವನ್ನೇ ಮಾಡದೆ ಆ ಭಾಗವನ್ನು ಕತ್ತರಿಸಿ ತೆಗೆದು, ತಗಡಿನ ಡಕ್ಟ್ ಹಾಕಿ, ಅಟ್ಟದ ಸಂದುಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದೆವು. ಹೆಂಚಿನ ಮನೆಗಳಲ್ಲಿ ಅಟ್ಟದ ಮೇಲೆ ಮೆತ್ತನೆಯ ಡಕ್ಟ್ ಹಾಕಲೇಬಾರದು ಎಂಬುದು ಆ ದಿನದಿಂದ ನನ್ನ ಖಚಿತ ಅಭಿಪ್ರಾಯ.

ಹಾಲ್ ತಣ್ಣಗಾಗುತ್ತೆ, ಮೂಲೆಯ ರೂಮಿಗೆ ಗಾಳಿಯೇ ಬರಲ್ಲ.

ಆ ಕೋಣೆಯ ಬಾಗಿಲು ಮುಚ್ಚಿದಾಗ ಒಳಬಂದ ಗಾಳಿ ಮರಳಿ ರಿಟರ್ನ್ ಗ್ರಿಲ್‌ಗೆ ಹೋಗಲು ದಾರಿಯಿದೆಯೇ ಎಂದು ಮೊದಲು ನೋಡಿ. ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಬರುವುದೂ ನಿಲ್ಲುತ್ತದೆ. ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದು ಬಿಡಿಸಿದರೆ ಎಷ್ಟೋ ಮನೆಗಳಲ್ಲಿ ತೊಂದರೆ ಮುಗಿದಿದೆ. ಆಮೇಲೆ ಡ್ಯಾಂಪರ್ (ಡಕ್ಟ್‌ನೊಳಗೆ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ತಗಡು) ತೆರೆದಿದೆಯೇ, ಡಕ್ಟ್ ಎಲ್ಲಾದರೂ ಮಡಚಿದೆಯೇ, ಜೋಡಣೆ ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು. ಬಳಸದ ಕೋಣೆಗಳ ಗ್ರಿಲ್‌ಗಳನ್ನೆಲ್ಲ ಮುಚ್ಚಿಬಿಡಬೇಡಿ, ಕಾಯಿಲ್ ಮೇಲೆ ಗಾಳಿ ಸಾಲದೆ ಹಿಮ ಕಟ್ಟುತ್ತದೆ.

ಪೈಪಿನ ಮೇಲೆ ಐಸ್ ಕಟ್ಟಿಕೊಂಡಿದೆ, ಆದರೆ ಮನೆ ತಣ್ಣಗಾಗ್ತಿಲ್ಲ. ಇದು ಹೇಗೆ?

ಕಾಯಿಲ್‌ನ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಿದೆ. ಅದಕ್ಕೆ ಎರಡು ಮುಖ್ಯ ಕಾರಣ: ಕೊಳೆಯಿಂದ ಗಾಳಿ ಸಾಲದಿರುವುದು, ಇಲ್ಲವೇ ಗ್ಯಾಸು ಸೋರಿ ಕಡಿಮೆಯಾಗಿರುವುದು. ಕಟ್ಟಿದ ಹಿಮವೇ ಗಾಳಿಗೆ ಗೋಡೆಯಾಗುವುದರಿಂದ ಮನೆ ತಣ್ಣಗಾಗುವುದಿಲ್ಲ. ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಕೂಲಿಂಗ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ ಕರಗಿಸಿ, ಫಿಲ್ಟರ್ ತೊಳೆದು ಮತ್ತೆ ಹಾಕಿ ನೋಡಿ. ಮತ್ತೆ ಕಟ್ಟಿದರೆ ಮೆಕ್ಯಾನಿಕ್ ಬರಲಿ.

ಪ್ರತಿ ವರ್ಷ ಗ್ಯಾಸ್ ತುಂಬಿಸಲೇಬೇಕಂತೆ, ನಿಜವಾ?

ನಿಜವಲ್ಲ. ಎಸಿಯ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ವರ್ಷಾನುಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಆ ತೂತು ಹುಡುಕದೆ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ. ಸೋರಿದ ಜಾಗದಲ್ಲಿ ಹೆಚ್ಚಾಗಿ ಎಣ್ಣೆಯ ಜಿಡ್ಡು ಕಾಣುತ್ತದೆ. ಫ್ಲೇರ್ ನಟ್ ಇರುವ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ತುಂಬಿಸಲೇಬೇಕೆಂದು ಹೇಳಿದವರನ್ನು ಸೋರಿಕೆಯ ಜಾಗ ತೋರಿಸುವಂತೆ ಕೇಳಿ.

ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ಮೇಲೆ ಎಸಿ ಕರ್ಕಶ ಸದ್ದು ಮಾಡ್ತಿದೆ, ತಂಪೇ ಇಲ್ಲ.

ಕೂಡಲೇ ನಿಲ್ಲಿಸಿ. ಮೂರು ಫೇಸ್ ಯಂತ್ರಗಳಲ್ಲಿ ಲೈನಿನ ಕೆಲಸ ನಡೆದಾಗ ಫೇಸ್‌ಗಳ ಕ್ರಮ ಅದಲುಬದಲಾದರೆ ಸ್ಕ್ರೋಲ್ ಕಂಪ್ರೆಸರ್ ಹಿಮ್ಮುಖವಾಗಿ ತಿರುಗುತ್ತದೆ. ಹಾಗೆಯೇ ಓಡಿಸಿದರೆ ಹಾಳಾಗುತ್ತದೆ. ಎಲೆಕ್ಟ್ರೀಷಿಯನ್ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಕ್ರಮ ತಪ್ಪಿದರೆ ಯಂತ್ರ ಓಡದಂತೆ ತಡೆಯುವ ರಿಲೇ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೂ ಒಂದು ಮಾತು: ಸಿಡಿಲಿನ ಸೂಚನೆ ಕಂಡಾಗ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ.

## ಇನ್ನಷ್ಟು ಆಳಕ್ಕೆ

ಆರ್-22, ಆರ್-410ಎ, ಆರ್-32 ಅಂತಾರಲ್ಲ, ನಮ್ಮ ಯಂತ್ರದಲ್ಲಿ ಯಾವುದಿದ್ದರೆ ಏನು?

ಹೊರಗಿನ ಯೂನಿಟ್‌ನ ನಾಮಫಲಕದಲ್ಲಿ ಗ್ಯಾಸಿನ ಹೆಸರು ಮತ್ತು ತೂಕ ಎರಡೂ ಇರುತ್ತವೆ; ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡಲಾಗುತ್ತಿರುವ ಗ್ಯಾಸು. ಆರ್-410ಎ ಓಝೋನ್‌ಗೆ ಹಾನಿ ಮಾಡದಿದ್ದರೂ ಭೂಮಿಯ ತಾಪ ಹೆಚ್ಚಿಸುವಲ್ಲಿ ಇಂಗಾಲದ ಡೈಆಕ್ಸೈಡಿನ 2,088 ಪಟ್ಟು ಬಲವುಳ್ಳದ್ದು, ಆರ್-32 ಅದೇ ಲೆಕ್ಕದಲ್ಲಿ 675 ಪಟ್ಟು. ಆದ್ದರಿಂದ ಗ್ಯಾಸನ್ನು ಗಾಳಿಗೆ ಬಿಟ್ಟು ಖಾಲಿ ಮಾಡುವುದನ್ನು ನಿಮ್ಮ ಅಂಗಳದಲ್ಲಿ ಒಪ್ಪಬೇಡಿ, ಸಿಲಿಂಡರಿಗೆ ಹಿಂಪಡೆಯಲು ಹೇಳಿ. ಒಂದು ಗ್ಯಾಸಿನ ಯಂತ್ರಕ್ಕೆ ಇನ್ನೊಂದನ್ನು ತುಂಬುವಂತಿಲ್ಲ; ಒತ್ತಡವೂ ಬೇರೆ, ಹಲವು ಸಲ ಎಣ್ಣೆಯೂ ಬೇರೆ. ಆರ್-32 ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣವುಳ್ಳದ್ದು, ಅದರ ಹತ್ತಿರ ಬೆಂಕಿಕಡ್ಡಿ, ಬೀಡಿ, ಊದುಬತ್ತಿ ಯಾವುದೂ ಇರಬಾರದು.

ಗ್ಯಾಸ್ ಕೆಲಸ ನಡೆಯುವಾಗ ಮನೆಯವರು ನಿಂತು ಏನನ್ನು ನೋಡಬೇಕು?

ಸೋರಿಕೆ ಮುಚ್ಚಿದ ಮೇಲೆ ಪೈಪಿಗೆ ಒಣ ನೈಟ್ರೋಜನ್ ತುಂಬಿ, ಒತ್ತಡ ಇಳಿಯದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಇಲ್ಲಿ ಆಕ್ಸಿಜನ್ ಸಿಲಿಂಡರ್ ತಂದರೆ ಕೆಲಸವನ್ನು ಅಲ್ಲೇ ನಿಲ್ಲಿಸಿ, ದೂರ ಸರಿಯಿರಿ. ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಯೊಂದಿಗೆ ಸೇರಿದರೆ ಸ್ಫೋಟವಾಗುತ್ತದೆ, ಜೀವಹಾನಿಯಾಗುತ್ತದೆ. ನೈಟ್ರೋಜನ್ ಬಿಟ್ಟ ನಂತರ ವ್ಯಾಕ್ಯೂಮ್ ಪಂಪು ಹಾಕಿ, ಮೈಕ್ರಾನ್ ಗೇಜಿನಲ್ಲಿ (ಪೈಪಿನೊಳಗೆ ಉಳಿದ ಒತ್ತಡ ತೋರಿಸುವ ಮಾಪಕದಲ್ಲಿ) 500 ಅಥವಾ ಅದಕ್ಕಿಂತ ಕೆಳಗೆ ಬಂದು ನಿಲ್ಲುವವರೆಗೆ ಎಳೆಯಬೇಕು. ಗಾಳಿಯಲ್ಲೇ ತೇವ ಇರುವ ಮಲೆನಾಡಿನಲ್ಲಿ ಇದನ್ನು ಅವಸರದಲ್ಲಿ ಮುಗಿಸಿದರೆ ಪೈಪಿನೊಳಗೆ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರ್ ಸುರುಳಿಯನ್ನು ತಿನ್ನುತ್ತದೆ. ಕೊನೆಯಲ್ಲಿ ನಾಮಫಲಕದ ಗ್ರಾಂ ಲೆಕ್ಕ ಮತ್ತು ಪೈಪಿನ ಉದ್ದಕ್ಕೆ ತಕ್ಕ ಹೆಚ್ಚುವರಿಯನ್ನು ಸೇರಿಸಿ ತೂಕದ ಯಂತ್ರದ ಮೇಲೆ ತೂಗಿ ತುಂಬಬೇಕು. ಕೈಯಲ್ಲಿ ಪೈಪು ಮುಟ್ಟಿ "ಸಾಕು" ಎನ್ನುವುದು ಅಳತೆಯಲ್ಲ.

ವಾರ್ಷಿಕ ಒಪ್ಪಂದ ಮಾಡಿಕೊಂಡರೆ ಒಳ್ಳೆಯದಾ?

ಭೇಟಿಯ ತಿಂಗಳುಗಳನ್ನು ನೀವೇ ಬರೆಸಬಹುದಾದರೆ ಒಳ್ಳೆಯದು. ಒಪ್ಪಂದದಲ್ಲಿ ಮೂರು ಭೇಟಿ ಎಂದಷ್ಟೇ ಇದ್ದರೆ ಮೂರೂ ಬೇಸಿಗೆಯಲ್ಲೇ ಮುಗಿದುಹೋಗುತ್ತವೆ. ಜೂನ್‌ನಲ್ಲಿ ಪೂರ್ತಿ ತೊಳೆಯುವುದು, ಅಕ್ಟೋಬರ್‌ನಲ್ಲಿ ಇಲಿ, ತುಕ್ಕು, ವೈರುಗಳ ಪರಿಶೀಲನೆ, ಫೆಬ್ರುವರಿಯಲ್ಲಿ ಓಡಿಸಿ ಅಳತೆ ತೆಗೆಯುವುದು ಎಂದು ಸ್ಪಷ್ಟವಾಗಿ ಬರೆಸಿ. ಗ್ಯಾಸು, ಸರ್ಕ್ಯೂಟ್ ಬೋರ್ಡು, ಕಂಪ್ರೆಸರ್ ಇವುಗಳಲ್ಲಿ ಯಾವುದು ಸೇರಿದೆ, ಇಲಿ ಕಡಿದದ್ದಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಸಹಿ ಹಾಕುವ ಮುನ್ನ ಕೇಳಿ.

ಹನ್ನೆರಡು ವರ್ಷದ ಹಳೇ ಯಂತ್ರ. ಹೊಸದು ಹಾಕಿದರೆ ಹಳೇ ಪೈಪು, ಹಳೇ ಡಕ್ಟ್ ಉಳಿಸಿಕೊಳ್ಳಬಹುದಾ?

ಡಕ್ಟನ್ನು ಪರೀಕ್ಷಿಸಿ ಉಳಿಸಿಕೊಳ್ಳಬಹುದು. ತಗಡು ಗಟ್ಟಿಯಿದ್ದು, ನಿರೋಧಕ ಒದ್ದೆಯಾಗದೆ, ಜೋಡಣೆಗಳನ್ನು ಮತ್ತೆ ಮುಚ್ಚಿಸಲು ಸಾಧ್ಯವಿದ್ದರೆ ಅದು ಇನ್ನೂ ಬಹುಕಾಲ ಬಾಳುತ್ತದೆ. ತಾಮ್ರದ ಪೈಪಿನ ವಿಷಯದಲ್ಲಿ ನಾನು ಹಾಗೆ ಹೇಳಲಾರೆ. ಹಳೆಯದು ಆರ್-22 ಆಗಿದ್ದರೆ ಪೈಪಿನ ಒಳಗೋಡೆಗೆ ಅದರ ಖನಿಜ ಎಣ್ಣೆ ಅಂಟಿಕೊಂಡಿರುತ್ತದೆ, ಹೊಸ ಯಂತ್ರದ ಎಣ್ಣೆಗೆ ಅದು ಹೊಂದುವುದಿಲ್ಲ. ಹೊಸ ಗ್ಯಾಸಿನ ಒತ್ತಡ ಸುಮಾರು ಒಂದೂವರೆ ಪಟ್ಟು ಹೆಚ್ಚಾದ್ದರಿಂದ ಪೈಪಿನ ದಪ್ಪವೂ ಸಾಲದಿರಬಹುದು. ಕಂಪ್ರೆಸರ್ ಸುಟ್ಟುಹೋಗಿದ್ದರಂತೂ ಆ ಪೈಪನ್ನು ಉಳಿಸಿಕೊಳ್ಳಲೇಬೇಡಿ. ಪೈಪು ಗೋಡೆಯೊಳಗೆ ಹೂತಿದ್ದರೆ ಗೋಡೆ ಒಡೆಯುವ ಬದಲು ಹೊಸ ಪೈಪನ್ನು ಹೊರಗೋಡೆಯ ಮೇಲೆ ಮುಚ್ಚಿದ ಪಟ್ಟಿಯಲ್ಲಿ ತರಬಹುದು. ಆ ಕೆಲಸಕ್ಕೆ ಗಾರೆ, ಬಣ್ಣ ಎಲ್ಲ ಸೇರಿ ಒಂದು ವಾರ ಬೇಕಾಗುವುದರಿಂದ ಮಾರ್ಚ್‌ವರೆಗೆ ಕಾಯದೆ, ಮಳೆ ನಿಂತ ಮೇಲೆ ನವೆಂಬರ್, ಡಿಸೆಂಬರ್‌ನಲ್ಲೇ ಮಾಡಿಸಿಕೊಳ್ಳಿ.